ಮಲೇಷ್ಯಾ ಪ್ರವಾಸ: ನೋಡುವುದೇನು, ಕಲಿಯುವುದೇನು?

ಮಲೇಷ್ಯಾದ ಮಲಕ್ಕಾ ನಗರದ ಹಳೆಯ ಮಸೀದಿಯೊಂದರಲ್ಲಿ ಜುಮಾಕ್ಕೆ ಕುಳಿತಿದ್ದೆವು. ಖತೀಬರು ಮಲಯ ಭಾಷೆಯಲ್ಲಿ ಖುತ್ಬಾ ಓದುತ್ತಿದ್ದರು. ನಮಗೆ ಆ ಭಾಷೆ ಬರುವುದಿಲ್ಲ. ಆದರೂ ನಡುನಡುವೆ ಪರಿಚಿತ ಪದಗಳು ಕಿವಿಗೆ ಬೀಳುತ್ತಿದ್ದವು. ನಮಾಝ್ ಮುಗಿದು ಅಂಗಳಕ್ಕೆ ಬಂದ ಕೂಡಲೇ ನಮ್ಮ ಕಿರಿಯ ಮಗ ಕೇಳಿದ: "ಅಬ್ಬಾ, ಖತೀಬರು ದೋಸೆಯ ವಿಷಯ ಯಾಕೆ ಹೇಳಿದ್ದು?"

ಪಕ್ಕದಲ್ಲಿ ಚಪ್ಪಲಿ ಹುಡುಕುತ್ತಿದ್ದ ಹಿರಿಯರೊಬ್ಬರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅವರು ನಗುತ್ತಾ ಬಿಡಿಸಿ ಹೇಳಿದರು. ಮಲಯದಲ್ಲಿ 'ದೋಸ' ಎಂದರೆ ಪಾಪ. ನಮ್ಮ 'ದೋಷ' ಎಂಬ ಪದವೇ ಅದು. ಪುಣ್ಯಕ್ಕೆ ಅವರು 'ಪಹಾಲ' ಎನ್ನುತ್ತಾರೆ, ಅದು ನಮ್ಮ 'ಫಲ'. ಸ್ವರ್ಗ 'ಶುರ್ಗ', ನರಕ 'ನೆರಾಕ', ರಮಝಾನಿನ ಉಪವಾಸ 'ಪುಆಸ'. ಧರ್ಮಕ್ಕೆ 'ಅಗಾಮ' ಎಂಬ ಪದ, ಅಂದರೆ ಆಗಮ. ಕೌಲಾಲಂಪುರದ ರಾಷ್ಟ್ರೀಯ ಮಸೀದಿಯ ಹೆಸರು 'ಮಸ್ಜಿದ್ ನೆಗಾರ'. ನಮ್ಮ 'ನಗರ' ಅಲ್ಲಿ 'ದೇಶ'ವಾಗಿದೆ.

ಕನ್ನಡದಲ್ಲಿ ದೀನ್ ಕಲಿಯುವ ನಮಗೆ ಇದು ಹೊಸದಾಗಿ ತೋರಬೇಕಿಲ್ಲ. ನಾವೂ ಉಪವಾಸ, ಸ್ವರ್ಗ, ನರಕ, ಪಾಪ, ಪುಣ್ಯ ಎಂದೇ ಹೇಳುತ್ತೇವೆ, ಬರೆಯುತ್ತೇವೆ. ಮಲಯ ಮುಸ್ಲಿಮರೂ ತಮ್ಮ ನೆಲದ ಮಾತನ್ನು ಬಿಡದೆ ತೌಹೀದನ್ನು ಒಪ್ಪಿಕೊಂಡರು. ಮಲೇಷ್ಯಾದ ಪೂರ್ವ ಕರಾವಳಿಯ ತೆರೆಂಗಾನು ಎಂಬಲ್ಲಿ ಒಂದು ಶಿಲಾಶಾಸನ ಸಿಕ್ಕಿದೆ. ಅದು 1303ರದ್ದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಲಿಪಿ ಅರಬಿಯದು, ಭಾಷೆ ಮಲಯ, ವಿಷಯ ಇಸ್ಲಾಮಿನ ಕಾನೂನು. ಅದರಲ್ಲಿ ಸೃಷ್ಟಿಕರ್ತನನ್ನು 'ದೇವತಾ ಮುಲಿಯಾ ರಾಯ' ಎಂದು ಕರೆಯಲಾಗಿದೆ. ಆ ಕಾಲದ ಜನರಿಗೆ ಗೊತ್ತಿದ್ದ ಪದಗಳಲ್ಲೇ ಏಕದೇವನ ಪರಿಚಯ ಮಾಡಿಕೊಟ್ಟ ರೀತಿ ಅದು.

ಗಾಳಿಗಾಗಿ ಕಾದವರು ಕಟ್ಟಿದ ಊರು

ಇಷ್ಟೊಂದು ಜನಾಂಗಗಳು ಈ ಒಂದು ದೇಶದಲ್ಲಿ ಸೇರಿದ್ದು ಹೇಗೆ? ಇದಕ್ಕೆ ಉತ್ತರ ಅರ್ಧ ಇತಿಹಾಸದಲ್ಲಿದೆ, ಅರ್ಧ ಹವಾಮಾನದಲ್ಲಿದೆ.

ಭಾರತ ಮತ್ತು ಚೀನಾದ ನಡುವಿನ ಸಮುದ್ರಮಾರ್ಗದಲ್ಲಿ ಮಲಕ್ಕಾ ಜಲಸಂಧಿ ಒಂದು ಕಿರಿದಾದ ದಾರಿ. ಹಾಯಿ ಹಡಗುಗಳ ಕಾಲದಲ್ಲಿ ನಮ್ಮ ಕಡೆಯ ವ್ಯಾಪಾರಿಗಳು ನೈಋತ್ಯ ಮಾರುತದ ಬಲದಿಂದ ಅಲ್ಲಿಗೆ ತಲಪುತ್ತಿದ್ದರು. ಚೀನಾದವರನ್ನು ಈಶಾನ್ಯ ಮಾರುತ ತರುತ್ತಿತ್ತು. ಮರಳಿ ಹೋಗಬೇಕಾದರೆ ಗಾಳಿಯ ದಿಕ್ಕು ಬದಲಾಗಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವವರಿಗೆ ಗೋದಾಮು, ಅಡುಗೆಮನೆ, ಆರಾಧನಾಲಯ, ದಫನ ಭೂಮಿ ಎಲ್ಲವೂ ಬೇಕಾದವು. ಹಲವರು ಅಲ್ಲೇ ಮದುವೆಯಾಗಿ ನೆಲೆ ನಿಂತರು.

ಸುಮಾರು 1400ರಲ್ಲಿ ಹುಟ್ಟಿದ ಮಲಕ್ಕಾ ಸುಲ್ತಾನರ ರಾಜ್ಯ ಈ ಪರದೇಶಿಗಳಿಗಾಗಿ ನಾಲ್ವರು ಬಂದರು ಅಧಿಕಾರಿಗಳನ್ನು ನೇಮಿಸಿತ್ತು. ಗುಜರಾತಿಗಳಿಗೊಬ್ಬ, ಚೀನಾದವರಿಗೊಬ್ಬ, ಹೀಗೆ. ತಮ್ಮ ಭಾಷೆ, ಲೆಕ್ಕಾಚಾರ ಬಲ್ಲವನ ಬಳಿ ವ್ಯಾಪಾರಿ ತನ್ನ ದೂರು ಹೇಳಿಕೊಳ್ಳಬಹುದಿತ್ತು. ಆ ಬಂದರಿನಲ್ಲಿ 84 ಭಾಷೆಗಳು ಕೇಳಿಬರುತ್ತಿದ್ದವೆಂದು ಪೋರ್ಚುಗೀಸ್ ಬರಹಗಾರ ತೋಮೆ ಪಿರೆಸ್ ದಾಖಲಿಸಿದ್ದಾನೆ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಅಲ್ಬುಕರ್ಕ್ ಮರುವರ್ಷವೇ ಮಲಕ್ಕಾವನ್ನೂ ಗೆದ್ದ. ಬಳಿಕ ಡಚ್ಚರು ಬಂದರು, ಅನಂತರ ಬ್ರಿಟಿಷರು. ಬ್ರಿಟಿಷರ ಕಾಲದಲ್ಲಿ ತವರದ ಗಣಿಗಳಿಗೆ ಚೀನಾದಿಂದ, ರಬ್ಬರ್ ತೋಟಗಳಿಗೆ ಹೆಚ್ಚಾಗಿ ತಮಿಳುನಾಡಿನಿಂದ ಕೂಲಿಕಾರರು ಬಂದರು.

ಈ ಸಮುದ್ರದಾರಿಗೂ ನಮ್ಮ ಕರಾವಳಿಗೂ ಹಳೆಯ ನಂಟಿದೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರದಲ್ಲಿ ತಂಗಿದ್ದರು. ಅಲ್ಲಿನ ಮುಸ್ಲಿಮರು ಶಾಫಿಈ ಮದ್‌ಹಬಿನವರೆಂದೂ, ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದೂ ಅವರು ದಾಖಲಿಸಿದ್ದಾರೆ. ಮುಂದೆ ಅವರು ಮಲಕ್ಕಾ ಜಲಸಂಧಿಯ ಆಚೆ ದಡದ ಸುಮಾತ್ರಾಕ್ಕೂ ಹೋದರು. ಅಲ್ಲಿನ ಸುಲ್ತಾನನೂ ಶಾಫಿಈ. ಇಂದಿಗೂ ಮಲೇಷ್ಯಾದ ಮುಸ್ಲಿಮರಲ್ಲಿ ಹೆಚ್ಚಿನವರು ಅದೇ ಮದ್‌ಹಬಿನವರು. ಭಟ್ಕಳದ ನವಾಯತರಿಗೂ ಮಂಗಳೂರಿನ ಬ್ಯಾರಿಗಳಿಗೂ ಅಲ್ಲಿನ ಸುಬಹಿಯ ಕುನೂತ್ ಮನೆಯ ಪಕ್ಕದ ಮಸೀದಿಯದ್ದೇ ಅನಿಸುತ್ತದೆ. ಅಸರ್ ಜಮಾಅತ್ ಮಾತ್ರ ಹನಫಿ ಸಹೋದರರ ರೂಢಿಗಿಂತ ಬೇಗ ಆಗುತ್ತದೆ.

ಒಂದೇ ಬೀದಿಯ ಮೂರು ಬಾಗಿಲುಗಳು

ನಾವು ಜುಮಾ ನಿರ್ವಹಿಸಿದ ಕಂಪುಂಗ್ ಕ್ಲಿಂಗ್ ಮಸೀದಿಯನ್ನು 1748ರಲ್ಲಿ ಭಾರತೀಯ ಮುಸ್ಲಿಂ ವ್ಯಾಪಾರಿಗಳು ಮರದಿಂದ ಕಟ್ಟಿದರು. 1872ರಲ್ಲಿ ಅದು ಇಟ್ಟಿಗೆಯ ಕಟ್ಟಡವಾಯಿತು. ಅದಕ್ಕೆ ಗುಮ್ಮಟವಿಲ್ಲ. ಒಂದರ ಮೇಲೊಂದು ಮೂರು ಇಳಿಜಾರು ಮಾಡುಗಳಿವೆ. ವರ್ಷವಿಡೀ ಮಳೆ, ಸೆಕೆ ಇರುವ ನಾಡಿಗೆ ಅದೇ ಸರಿ. ನೀರು ಜಾರಿ ಹೋಗುತ್ತದೆ, ಬಿಸಿಗಾಳಿ ಮೇಲಿನ ಸಂದುಗಳಿಂದ ಹೊರ ಹೋಗುತ್ತದೆ. ಮಿನಾರ ಚೀನಾದ ಪಗೋಡದಂತಿದೆ. ಕಂಬಗಳು ಯುರೋಪಿನ ಶೈಲಿಯವು. ಮಿಂಬರಿನ ಕೆತ್ತನೆಯಲ್ಲಿ ಚೀನೀ ಮತ್ತು ಭಾರತೀಯ ಕುಶಲಕರ್ಮಿಗಳ ಕೈಗುರುತಿದೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಕಿಬ್ಲಾ ಎಲ್ಲರಿಗೂ ಒಂದೇ. ಮಾಡನ್ನು ಮಾತ್ರ ಆಯಾ ಊರಿನ ಬಡಗಿ ತನಗೆ ತಿಳಿದಂತೆ ಕಟ್ಟುತ್ತಾನೆ.

ಅದೇ ಬೀದಿಯಲ್ಲಿ ಕೆಲವೇ ಹೆಜ್ಜೆ ದೂರದಲ್ಲಿ 18ನೇ ಶತಮಾನದ ವಿನಾಯಕ ದೇವಸ್ಥಾನವಿದೆ. ಅದನ್ನು ನೋಡಿಕೊಳ್ಳುವ ಚಿಟ್ಟಿ ಸಮುದಾಯದವರು ತಮಿಳು ವ್ಯಾಪಾರಿಗಳ ವಂಶಸ್ಥರು. ಧರ್ಮದಲ್ಲಿ ಹಿಂದೂಗಳು, ಮನೆಮಾತು ಮಲಯ. ಇನ್ನೂ ಸ್ವಲ್ಪ ಮುಂದೆ 17ನೇ ಶತಮಾನದ ಚೀನೀ ದೇವಾಲಯ ಚೆಂಗ್ ಹೂನ್ ತೆಂಗ್. ಪೆನಾಂಗಿನ ಜಾರ್ಜ್ ಟೌನಿನಲ್ಲೂ ಹೀಗೆಯೇ. ಅಲ್ಲಿ 1801ರ ಕಪಿತಾನ್ ಕ್ಲಿಂಗ್ ಮಸೀದಿಯ ಹೆಸರಿನ ರಸ್ತೆಯ ಆಸುಪಾಸಿನಲ್ಲೇ ಚರ್ಚು, ಮಾರಿಯಮ್ಮನ ಗುಡಿ, ಚೀನೀ ದೇವಾಲಯಗಳಿವೆ. ಈ ಎರಡು ನಗರಗಳನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಎಚ್ಚರಿಕೆಯ ಮಾತು. 'ಕ್ಲಿಂಗ್' ಎಂಬುದು ಹಿಂದೆ ಭಾರತದಿಂದ ಬಂದವರ ಹೆಸರಾಗಿತ್ತು. ಇಂದು ಯಾರನ್ನಾದರೂ ಹಾಗೆ ಕರೆದರೆ ಅದು ಅವಮಾನ. ಮಸೀದಿಯ ಹೆಸರಿನಲ್ಲಿದೆಯೆಂದು ಜನರಿಗೆ ಬಳಸಬಾರದು.

ಚಾಲಕ ಹೇಳಿದ್ದು

ಇಲ್ಲಿಯವರೆಗಿನದ್ದು ಯಾವ ಪ್ರವಾಸಿಗೂ ಸಂತೋಷ ಕೊಡುವ ವಿಷಯ. ಇನ್ನು ಹೇಳುವುದು ನಮ್ಮನ್ನು ಯೋಚನೆಗೆ ಹಚ್ಚಿದ ವಿಷಯ.

ಕೌಲಾಲಂಪುರದಲ್ಲಿ ನಮ್ಮ ಟ್ಯಾಕ್ಸಿಯ ಚಾಲಕ ತಮಿಳು ಮೂಲದ ಹಿಂದೂ. ಅವರ ಅಜ್ಜ ರಬ್ಬರ್ ತೋಟದ ಕೆಲಸಕ್ಕೆ ಬಂದವರು. ನಮ್ಮ ಹರಕು ತಮಿಳು ಕೇಳಿ ಖುಷಿಯಿಂದ ಮಾತಿಗಿಳಿದರು. ಪಕ್ಕದ ಮನೆಯ ಮಲಯ ಕುಟುಂಬ ತನ್ನ ತಾಯಿಯ ಕಾಯಿಲೆಯಲ್ಲಿ ಹೇಗೆ ನೆರವಾಯಿತೆಂದು ಹೇಳಿದರು. ಬಳಿಕ ಧ್ವನಿ ತಗ್ಗಿಸಿ ಮಗಳ ಕಾಲೇಜು ಸೀಟಿನ ಚಿಂತೆ ತೋಡಿಕೊಂಡರು. "ಮೂರು ತಲೆಮಾರು ಇಲ್ಲೇ ಕಳೆದೆವು. ಆದರೂ ಕೆಲವರು ನಮ್ಮನ್ನು ಈಗ ತಾನೇ ಹಡಗಿನಿಂದ ಇಳಿದವರ ಹಾಗೆ ನೋಡುತ್ತಾರೆ" ಎಂದರು.

ನಮ್ಮ ಬಾಯಿಗೆ ಮೊದಲು ಬಂದ ಉತ್ತರ: "ನಿಮಗಿಲ್ಲಿ ಏನು ಕಡಿಮೆಯಾಗಿದೆ? ದೊಡ್ಡ ದೊಡ್ಡ ದೇವಸ್ಥಾನಗಳಿವೆ, ಹಬ್ಬಕ್ಕೆ ರಜೆ ಇದೆ." ಹೇಳಲು ಹೊರಟವರು ಅಲ್ಲಿಗೇ ನಿಂತೆವು. ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ ಬಾಗಿಲು ಮುಚ್ಚಿದ ಸಂಕಟವನ್ನು ಹೇಳಿಕೊಂಡರೆ, ನಮಗೂ ಇದೇ ಮಾತು ಸಿಕ್ಕಿತ್ತು: "ನಿಮಗಿಲ್ಲಿ ಏನು ಕಡಿಮೆಯಾಗಿದೆ?" ನಾಲ್ಕು ಗಂಟೆಯ ವಿಮಾನಯಾನ ಮುಗಿಯುವಷ್ಟರಲ್ಲಿ ಆ ಮಾತು ನಮ್ಮ ನಾಲಿಗೆಯ ತುದಿಗೆ ಬಂದು ಕುಳಿತಿತ್ತು.

ಆ ದೇಶದ ಇತಿಹಾಸ ತಿಳಿದರೆ ಚಾಲಕರ ಮಾತಿನ ಹಿನ್ನೆಲೆ ಅರ್ಥವಾಗುತ್ತದೆ. 2020ರ ಜನಗಣತಿಯಂತೆ ಮುಸ್ಲಿಮರು ಶೇ. 63.5, ಬೌದ್ಧರು ಶೇ. 18.7, ಕ್ರೈಸ್ತರು ಶೇ. 9.1, ಹಿಂದೂಗಳು ಶೇ. 6.1. ಸಂವಿಧಾನದ 3ನೇ ವಿಧಿ ಇಸ್ಲಾಮನ್ನು ದೇಶದ ಧರ್ಮವೆನ್ನುತ್ತದೆ. ಇತರ ಧರ್ಮಗಳನ್ನು ಶಾಂತಿಯಿಂದ ಆಚರಿಸಬಹುದೆಂದೂ ಅದೇ ವಿಧಿ ಹೇಳುತ್ತದೆ. 1969ರ ಮೇ 13ರಂದು, ಚುನಾವಣೆಯ ಬೆನ್ನಲ್ಲೇ ಕೌಲಾಲಂಪುರದಲ್ಲಿ ಜನಾಂಗೀಯ ಗಲಭೆ ನಡೆಯಿತು. ಸರಕಾರಿ ಲೆಕ್ಕದಲ್ಲೇ 196 ಜೀವಗಳು ಹೋದವು. ಮರುವರ್ಷ 'ರುಕುನ್ ನೆಗಾರ' ಎಂಬ ಐದು ರಾಷ್ಟ್ರೀಯ ತತ್ವಗಳನ್ನು ಘೋಷಿಸಲಾಯಿತು. ಮೊದಲ ಪದ ಅರಬಿ, ಎರಡನೆಯದು ಸಂಸ್ಕೃತ. ಬಡತನದಲ್ಲಿ ಹಿಂದುಳಿದಿದ್ದ ಮಲಯರು ಮತ್ತು ಇತರ ಮೂಲನಿವಾಸಿಗಳನ್ನು ಮೇಲೆತ್ತಲು 1971ರಿಂದ ಹೊಸ ಆರ್ಥಿಕ ನೀತಿ ಬಂತು. ಇವರನ್ನು ಒಟ್ಟಾಗಿ 'ಬೂಮಿಪುತ್ರ' ಎನ್ನುತ್ತಾರೆ, ಅಂದರೆ ಮಣ್ಣಿನ ಮಕ್ಕಳು. ಆ ನೀತಿಯಿಂದ ಲಕ್ಷಾಂತರ ಮಲಯ ಕುಟುಂಬಗಳು ಬಡತನ ದಾಟಿದವು. ಅದೇ ವೇಳೆ, ಆ ಪಟ್ಟಿಯಲ್ಲಿಲ್ಲದ ಬಡವರು ತಮ್ಮ ಮಕ್ಕಳ ಗತಿಯೇನೆಂದು ಕೇಳುತ್ತಲೇ ಇದ್ದಾರೆ.

ಎರಡು ದಿನದ ಅತಿಥಿಗಳಾದ ನಾವು ಇದರಲ್ಲಿ ತೀರ್ಪು ಕೊಡುವವರಲ್ಲ. ಆದರೆ ಕೇಳಿಸಿಕೊಳ್ಳಬಹುದು. ನ್ಯಾಯದ ಪರ ನಿಲ್ಲಿರಿ, ಅದು ಸ್ವತಃ ನಿಮಗೆ ವಿರುದ್ಧವಾಗಿದ್ದರೂ ಸರಿ ಎಂಬುದು ಸೂರಃ ಅನ್ನಿಸಾದ 135ನೇ ಸೂಕ್ತದ ಆಶಯ. ಅಲ್ಪಸಂಖ್ಯಾತರಾಗಿ ಬದುಕುವವರಿಗೆ ಊರಿನಲ್ಲಿ ಈ ಸೂಕ್ತ ಸುಲಭವೆನಿಸಬಹುದು. ಬಹುಸಂಖ್ಯಾತರ ಕಡೆ ಕುಳಿತಾಗಲೇ ಅದರ ಭಾರ ತಿಳಿಯುವುದು. ನಾವು ಹೆಚ್ಚೇನೂ ಹೇಳಲಿಲ್ಲ. "ನಿಮ್ಮ ಚಿಂತೆ ನಮಗೆ ಅರ್ಥವಾಗುತ್ತದೆ ಅಣ್ಣಾ" ಎಂದೆವು. ಅವರು ಕನ್ನಡಿಯಲ್ಲಿ ನಮ್ಮನ್ನೊಮ್ಮೆ ನೋಡಿ ತಲೆಯಾಡಿಸಿದರು.

ಹೋಗುವವರಿಗೆ ಕೆಲವು ಮಾತು

ನಮಾಝ್: ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಹಗಲಿರುಳು ವರ್ಷವಿಡೀ ಹೆಚ್ಚುಕಮ್ಮಿ ಸಮ. ಮಗ್ರಿಬ್ ಸಂಜೆ ಏಳು, ಏಳೂವರೆಯ ನಡುವೆ. ಕಿಬ್ಲಾ ನಮ್ಮಲ್ಲಿರುವಂತೆಯೇ ಪಶ್ಚಿಮದಿಂದ ತುಸು ಉತ್ತರಕ್ಕೆ. ಮಾಲ್, ಪೆಟ್ರೋಲ್ ಬಂಕ್, ಬಸ್ ನಿಲ್ದಾಣಗಳಲ್ಲಿ 'ಸುರಾವ್' ಎಂಬ ನಮಾಝ್ ಕೋಣೆಗಳಿವೆ. ಮಹಿಳೆಯರಿಗೆ ಪ್ರತ್ಯೇಕ ಸ್ಥಳವಿದೆ. ನಮಾಝಿನ ಉಡುಪೂ ಹಲವೆಡೆ ಇರುತ್ತದೆ. ಒಂದೇ ಕಡೆ ತಂಗುವುದಾದರೆ ಕಸ್ರ್‌ಗೆ ಶಾಫಿಈಗಳಲ್ಲಿ ಬಂದ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ದಿನಗಳ ಮಿತಿಯಿದೆ, ಹನಫಿಗಳಲ್ಲಿ ಹದಿನೈದು ದಿನ. ಜಂಅ್ ಮಾಡುವುದಕ್ಕೆ ಶಾಫಿಈಗಳಲ್ಲಿ ಅನುಮತಿಯಿದೆ, ಹನಫಿಗಳಲ್ಲಿ ಇಲ್ಲ. ಹೊರಡುವ ಮುಂಚೆ ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿಕೊಳ್ಳಿ.

ಆಹಾರ: ಹಂದಿಮಾಂಸ ಇಲ್ಲವೆಂಬ ಫಲಕವೇ ಹಲಾಲ್ ಎಂಬುದಕ್ಕೆ ಪುರಾವೆಯಲ್ಲ. 'ಜಾಕಿಮ್' ಎಂಬ ಸರಕಾರಿ ಇಲಾಖೆಯ ಹಲಾಲ್ ಮುದ್ರೆ ನೋಡಿ. ಭಾರತೀಯ ಮೂಲದ ಮುಸ್ಲಿಮರ 'ಮಾಮಾಕ್' ಹೋಟೆಲುಗಳಲ್ಲಿ ಪರೋಟದ ನೆಂಟನಾದ ರೋಟಿ ಚನೈ, ಎತ್ತರದಿಂದ ಎಳೆದು ಸುರಿಯುವ ಚಹಾ ಸಿಗುತ್ತವೆ. ಅಲ್ಲಿ ಮಲಯರು, ಚೀನಿಯರು, ತಮಿಳರು ಒಂದೇ ಮೇಜಿನಲ್ಲಿ ಕುಳಿತಿರುವುದನ್ನೂ ನೋಡಬಹುದು.

ಇತರರ ಆರಾಧನಾಲಯಗಳು: ಪೂಜೆಯಲ್ಲಿ ಭಾಗಿಯಾಗದೆ, ಗೌರವದಿಂದ ನೋಡಿ ಬರಬಹುದು. ಧ್ವನಿ ತಗ್ಗಿಸಿ, ಕೇಳದೆ ಫೋಟೊ ತೆಗೆಯಬೇಡಿ. ಮಸ್ಜಿದ್ ನೆಗಾರದಲ್ಲಿ ಮುಸ್ಲಿಮೇತರ ಪ್ರವಾಸಿಗಳಿಗೆ ಮೇಲುಡುಪು ಕೊಟ್ಟು ಒಳಗೆ ಬಿಡುತ್ತಾರೆ. ಅವರಿಂದ ನಾವು ಬಯಸುವ ಮರ್ಯಾದೆಯನ್ನೇ ನಾವೂ ತೋರಿಸಬೇಕು.

ಹವಾಮಾನ: ನವೆಂಬರಿನಿಂದ ಫೆಬ್ರವರಿವರೆಗೆ ಪೂರ್ವ ಕರಾವಳಿಯಲ್ಲಿ ಭಾರೀ ಮಳೆ. ಆಗ ತೆರೆಂಗಾನು, ಕೆಲಂತಾನ್ ಕಡೆಯ ಪ್ರಯಾಣ ಬೇಡ.

ತರಬೇಕಾದದ್ದು

ಮಲೇಷ್ಯಾದಲ್ಲಿ 'ರುಮಾ ತೆರ್ಬುಕಾ' ಎಂಬ ಪದ್ಧತಿಯಿದೆ, ಅಂದರೆ ತೆರೆದ ಮನೆ. ಈದ್ ಬಂದಾಗ ಮುಸ್ಲಿಮರು, ದೀಪಾವಳಿಗೆ ಹಿಂದೂಗಳು, ಹೊಸ ವರ್ಷಕ್ಕೆ ಚೀನಿಯರು ಬಾಗಿಲು ತೆರೆದಿಟ್ಟು, ನೆರೆಯವರು, ಸಹೋದ್ಯೋಗಿಗಳು ಯಾರೇ ಬಂದರೂ ಊಟ ಬಡಿಸುತ್ತಾರೆ. ಕಾಲೇಜು ಸೀಟಿನ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ. ಆದರೆ ಒಬ್ಬರ ಮನೆಯಲ್ಲಿ ಉಂಡವರಿಗೆ ಅವರನ್ನು ಹೊರಗಿನವರೆಂದು ಕರೆಯುವುದು ಕಷ್ಟವಾಗುತ್ತದೆ. ಜನಾಂಗ ಗೋತ್ರಗಳನ್ನು ಅಲ್ಲಾಹನು ಮಾಡಿರುವುದು ಪರಸ್ಪರ ಅರಿಯುವುದಕ್ಕಾಗಿ ಎಂದು ಸೂರಃ ಅಲ್ ಹುಜುರಾತ್ ತಿಳಿಸುತ್ತದೆ. ಆ ಅರಿವಿಗೆ ವಿಮಾನದ ಟಿಕೆಟ್ಟೇ ಬೇಕೆಂದಿಲ್ಲ.

ಬರುವ ಈದಿಗೆ ನಮ್ಮ ಮನೆಯ ಬಾಗಿಲನ್ನೂ ಹಾಗೆ ತೆರೆದಿಡಬೇಕೆಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಿದ್ದೇವೆ. ಮೇಲಿನ ಮಹಡಿಯ ಭಟ್ಟರ ಮನೆಯವರು ಸಸ್ಯಾಹಾರಿಗಳು. ಅವರಿಗೇನು ಮಾಡುವುದೆಂದು ಯೋಚಿಸುತ್ತಿರುವಾಗ ಕಿರಿಯ ಮಗ ಉಪಾಯ ಹೇಳಿದ: "ದೋಸೆ ಮಾಡಿದರಾಯಿತಲ್ಲ!"