ಬಾಡಿಗೆ ಹಣದಲ್ಲಿ ಯಾರ್ಯಾರ ಪಾಲು?

ನಿಮ್ಮ ಮನೆಯ ಮುಂದೆ ಎರಡು ಅಂಗಡಿಗಳಿವೆಯೇ? ಮೇಲಂತಸ್ತಿನಲ್ಲಿ ಒಂದು ಬಾಡಿಗೆ ಮನೆಯಿದೆಯೇ? ಹಾಗಿದ್ದರೆ ತಿಂಗಳ ಮೊದಲ ವಾರ ಕೈಗೆ ಬರುವ ಹಣವನ್ನು ಯಾವ ಪುಸ್ತಕದಲ್ಲಿ ಬರೆದಿಡುತ್ತೀರಿ? ಈ ಪ್ರಶ್ನೆ ಕೇಳಿದಾಗಲೆಲ್ಲ ನಮ್ಮ ಕಡೆಯ ಜನ ನಗುತ್ತಾರೆ. "ಮೌಲ್ವಿ ಸಾಬ್, ನಾಲ್ಕು ಅಂಗಡಿಗೆ ಲೆಕ್ಕ ಯಾಕೆ? ಬಂದದ್ದು ಖರ್ಚಾಗಿ ಹೋಗುತ್ತದೆ" ಎನ್ನುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನಮ್ಮವರು ಅಂಗಡಿ ಕಟ್ಟಿಸುವುದಕ್ಕೆ ಒಂದು ಕಾರಣವಿದೆ. ಲಾರಿ ಓಡಿಸಿಯೋ ಬೆಂಗಳೂರಿನ ಗ್ಯಾರೇಜಿನಲ್ಲಿ ದುಡಿದೋ ಉಳಿಸಿದ ಹಣವನ್ನು ಬಡ್ಡಿಗೆ ಇಡಲು ಮನಸ್ಸು ಒಪ್ಪುವುದಿಲ್ಲ. ಬಾಡಿಗೆ ಹಲಾಲ್ ಎಂಬ ಸಮಾಧಾನ ಅವರಿಗೆ. ನಿಜ, ಬಾಡಿಗೆ ಹಲಾಲ್. ಆದರೆ ಕೈಗೆ ಬಂದ ಬಾಡಿಗೆಯೆಲ್ಲ ನಮ್ಮದಲ್ಲ.

ಮೊದಲು ಅಡ್ವಾನ್ಸ್ ವಿಷಯ ನೋಡಿ. ಅದು ಬಾಡಿಗೆದಾರನ ಹಣ, ನಮ್ಮ ಮೇಲಿರುವ ಸಾಲ. ಅದನ್ನು ಮಗಳ ಮದುವೆಗೋ ಬೋರ್‌ವೆಲ್ಲಿಗೋ ಖರ್ಚು ಮಾಡಿ, ಆತ ಅಂಗಡಿ ಬಿಡುವಾಗ "ಹೊಸಬರು ಬರಲಿ, ಅವರ ಅಡ್ವಾನ್ಸಿನಲ್ಲಿ ಕೊಡುತ್ತೇನೆ" ಎಂದು ತಿಂಗಳುಗಟ್ಟಲೆ ಅಲೆಸುವುದನ್ನು ಕಂಡಿದ್ದೇನೆ. ಅಲೆಸುವವರಲ್ಲಿ ಐದು ಹೊತ್ತಿನ ನಮಾಝಿಗಳೂ ಇದ್ದಾರೆ. ಇನ್ನು ದೊಡ್ಡ ಮೊತ್ತ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಕೊನೆಗೆ ಅಷ್ಟೂ ಹಣ ಹಿಂಪಡೆಯುವ 'ಲೀಸ್' ಅಥವಾ ಭೋಗ್ಯದ ಪದ್ಧತಿ. ಕೊಟ್ಟ ಸಾಲದ ಮೇಲೆ ಪಡೆಯುವ ಲಾಭವಾದ್ದರಿಂದ ಹೆಚ್ಚಿನ ಉಲಮಾಗಳು ಇದನ್ನು ಬಡ್ಡಿಯೆಂದೇ ಎಣಿಸುತ್ತಾರೆ. ಬ್ಯಾಂಕಿನ ಬಡ್ಡಿಗೆ ಹೆದರಿ ಮನೆ ಕಟ್ಟಿಸಿದವರೇ ಅದನ್ನು ಭೋಗ್ಯಕ್ಕೆ ಕೊಡುವುದು ವಿಚಿತ್ರವಲ್ಲವೇ?

ಎರಡನೆಯದು ಸರಕಾರದ ಪಾಲು. ಪಟ್ಟಣ ಪಂಚಾಯಿತಿಗೋ ಪುರಸಭೆಗೋ ಕಟ್ಟುವ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ರಸೀದಿ ಜೋಪಾನ ಮಾಡಿ, ಆದಾಯ ತೆರಿಗೆಯ ಲೆಕ್ಕಕ್ಕೂ ಅದು ಬೇಕು. ವರ್ಷಕ್ಕೆ 2,10,000 ರೂ. ಬಾಡಿಗೆ ಬಂದು, ಆಸ್ತಿ ತೆರಿಗೆ 10,000 ರೂ. ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಉಳಿದ 2,00,000 ರೂ.ಗಳಲ್ಲಿ ಶೇ. 30 ಅಂದರೆ 60,000 ರೂ. ಕಳೆದು, 1,40,000 ರೂ. ಮಾತ್ರ ನಿಮ್ಮ ಬೇರೆ ಆದಾಯಕ್ಕೆ ಸೇರುತ್ತದೆ. ಸುಣ್ಣಬಣ್ಣ, ರಿಪೇರಿ, ಕೆಲಸದವರ ಸಂಬಳ ಎಲ್ಲವೂ ಆ ಶೇ. 30ರಲ್ಲೇ ಬಂತು, ಬೇರೆ ಬಿಲ್ ತೋರಿಸುವಂತಿಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ ಸಂಬಳ, ಬಾಡಿಗೆ ಸೇರಿ 12 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ಆದರೂ 4 ಲಕ್ಷ ಮೀರಿದರೆ ರಿಟರ್ನ್ ಸಲ್ಲಿಸಲೇಬೇಕು. ತೆರಿಗೆ ಇಲ್ಲ ಎಂಬುದು ಲೆಕ್ಕ ಕೊಡಬೇಕಿಲ್ಲ ಎಂಬುದಕ್ಕೆ ಸಮನಲ್ಲ.

ಝಕಾತ್ ಕಟ್ಟಡದ ಬೆಲೆಯ ಮೇಲಿಲ್ಲ. ಬಾಡಿಗೆಯಿಂದ ಉಳಿದ ಹಣ ನಿಸಾಬ್ ತಲುಪಿ ಚಾಂದ್ರಮಾನ ವರ್ಷ ಪೂರ್ಣಗೊಂಡಾಗ ಶೇ. 2.5 ಕೊಡಬೇಕು. ಉಳಿಕೆ ಎಷ್ಟೆಂದು ಬರೆದಿಡದವರು ಏನನ್ನು ಲೆಕ್ಕ ಹಾಕುತ್ತಾರೋ!

ಕಾಂಪ್ಲೆಕ್ಸಿನ ಕಸ ಗುಡಿಸಿ, ನೀರಿನ ಮೋಟರ್ ಹಾಕುವ ಹೆಂಗಸಿಗೂ ಈ ಹಣದಲ್ಲಿ ಹಕ್ಕಿದೆ. ಬಾಡಿಗೆದಾರ ಎರಡು ತಿಂಗಳು ತಡಮಾಡಿದರೂ ಸುಮ್ಮನಿರುವವರು, ಕೊಟ್ಟೂರು ತೇರಿನ ದಿನ ಆಕೆ ಬರಲಿಲ್ಲವೆಂದು ಕೂಲಿ ಮುರಿಯುತ್ತಾರೆ. ಆಕೆಯ ಸಂಬಳವನ್ನು ಪುಸ್ತಕದ ಮೊದಲ ಸಾಲಿನಲ್ಲೇ ಬರೆಯಿರಿ, ಬಾಡಿಗೆ ಬರಲಿ ಬಾರದಿರಲಿ.

ಇಷ್ಟೆಲ್ಲ ಪಾಲಿಸುವವರೂ ಎಡವುವ ಜಾಗ ಇನ್ನೊಂದಿದೆ. ಹರಪನಹಳ್ಳಿಯ ಹಳೆಯ ಕ್ರಯಪತ್ರಗಳಲ್ಲಿ ದಾವಣಗೆರೆ ಜಿಲ್ಲೆ ಎಂದಿರುತ್ತದೆ. 1997ರಲ್ಲಿ ಅಲ್ಲಿಗೆ ಸೇರಿದ ತಾಲೂಕು ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಅದರಿಂದ ಆಸ್ತಿಗೆ ತೊಂದರೆಯಿಲ್ಲ. ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆ ಉಳಿದು, ಬಾಡಿಗೆ ಮಾತ್ರ ಗಂಡುಮಕ್ಕಳ ಜೇಬಿಗೆ ಹೋಗುತ್ತಿದ್ದರೆ ತೊಂದರೆಯಿದೆ.

ನನಗೆ ಪರಿಚಯವಿರುವ ಹಗರಿಬೊಮ್ಮನಹಳ್ಳಿಯ ಒಂದು ಕುಟುಂಬ. ತಂದೆ ತೀರಿ ಎಂಟು ವರ್ಷ. ತಾಯಿ, ಇಬ್ಬರು ಗಂಡುಮಕ್ಕಳು, ಹಡಗಲಿಗೆ ಕೊಟ್ಟ ಒಬ್ಬ ಮಗಳು. ಖರ್ಚು ಕಳೆದು ತಿಂಗಳಿಗೆ 16,000 ರೂ. ಉಳಿಯುತ್ತದೆ. ತಾಯಿಗೆ ಎಂಟನೆಯ ಒಂದು ಭಾಗ, 2,000. ಉಳಿದ 14,000ದಲ್ಲಿ ಗಂಡುಮಕ್ಕಳಿಗೆ ತಲಾ 5,600, ಮಗಳಿಗೆ 2,800. ಈ ಹಕ್ಕು ಅಂಗಡಿ ಮಾರಿದ ದಿನದಿಂದಲ್ಲ, ತಂದೆ ತೀರಿದ ದಿನದಿಂದ ಆರಂಭ. ಎಂಟು ವರ್ಷವೂ ಬಾಡಿಗೆ ಇಷ್ಟೇ ಇತ್ತೆಂದುಕೊಂಡರೂ ತಂಗಿಗೆ ಬರಬೇಕಾದದ್ದು 2,68,800 ರೂ. ಅಣ್ಣನೆದುರು ಹಾಳೆಯ ಮೇಲೆ ಈ ಮೊತ್ತ ಬರೆದಾಗ ಆತ ಬಹಳ ಹೊತ್ತು ಮಾತಾಡಲಿಲ್ಲ. "ಅವಳು ಒಂದು ದಿನವೂ ಕೇಳಿಲ್ಲ" ಎಂದ. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ನಮ್ಮ ಹೆಣ್ಣುಮಕ್ಕಳು ಕೇಳುವುದಿಲ್ಲ. ಸಹೋದರಿಯರೇ, ಇದು ನಿಮಗೂ ಗೊತ್ತಿರುವ ಮಾತು. ಕೇಳದಿರುವುದು ಬಿಟ್ಟುಕೊಟ್ಟಂತಲ್ಲ. ಪಾಲು ಹೀಗೆ ಗೊತ್ತಿದ್ದಾಗ ಆದಾಯ ತೆರಿಗೆಯಲ್ಲೂ ಅವರವರ ಪಾಲು ಅವರವರ ಲೆಕ್ಕಕ್ಕೇ ಸೇರುತ್ತದೆ. ಅಣ್ಣನೊಬ್ಬನೇ ಎಲ್ಲವನ್ನೂ ತನ್ನದೆಂದು ತೋರಿಸುವುದು ಅಲ್ಲೂ ತಪ್ಪು.

ಮುಂದಿನ ತಿಂಗಳು ಆತ 2,800 ರೂ. ಹಿಡಿದು ಹಡಗಲಿಗೆ ಹೋದ. ಈದ್ ಇನ್ನೂ ದೂರವಿತ್ತು. "ಇದೇನು ಭಾಯಿಜಾನ್, ಈಗಲೇ ಈದಿಯಾ?" ಎಂದಳಂತೆ ತಂಗಿ. "ಅಲ್ಲ, ನಿನ್ನ ಬಾಡಿಗೆ" ಎಂದನಂತೆ. ಹಳೆಯ ಬಾಕಿಯಲ್ಲಿ ತನ್ನ ಅರ್ಧವನ್ನು ಕಂತಿನಲ್ಲಿ ತೀರಿಸುತ್ತಿದ್ದಾನೆ. ತಮ್ಮ ಇನ್ನೂ ಒಪ್ಪಿಲ್ಲ.