ಚಂದ್ರ ತಾನೇ ತೋಡಿಟ್ಟ ಗುಂಡಿಗಳು

2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ಗೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ನಡುವಿನ ಅಂತರ ಮೂರೇ ಮೀಟರ್. ಬಂದ ದಾರಿಯಲ್ಲೇ ಹಿಂದಿರುಗುವಂತೆ ಆದೇಶ ಹೋಯಿತು, 26 ಕಿಲೋ ತೂಕದ ಪುಟ್ಟ ಗಾಡಿ ಬೇರೆ ದಾರಿ ಹಿಡಿಯಿತು. ಗಂಡಾಂತರ ತಪ್ಪಿತೆಂಬಲ್ಲಿಗೆ ನಮ್ಮ ಕುತೂಹಲವೂ ಮುಗಿಯಿತು. ಇಂಥ ಕುಳಿಗಳನ್ನು ಬರೀ ಅಡ್ಡಿಯೆಂದು ಬಗೆಯುವುದು ಮಾತ್ರ ಸರಿಯಲ್ಲ. ಜಗಳೂರು ಕಡೆ ಬೋರ್ ಕೊರೆಸುವಾಗ ಲಾರಿಯ ಪಕ್ಕ ನಿಂತವರು ಮೇಲೆ ಬರುವ ಪುಡಿಯ ಬಣ್ಣ ನೋಡಿಯೇ ಕೆಳಗೆ ಎಂಥ ಕಲ್ಲಿದೆ ಎನ್ನುತ್ತಾರೆ. ಚಂದ್ರನಲ್ಲಿ ಆ ಕೆಲಸವನ್ನು ಉಲ್ಕೆಗಳು ಬಿಟ್ಟಿಯಾಗಿ ಮಾಡಿಕೊಟ್ಟಿವೆ. ಕುಳಿಯ ಅಗಲದ ಹತ್ತನೇ ಒಂದು ಪಾಲಿನಷ್ಟು ಆಳದ ವಸ್ತು ಹೊರಗೆ ಚಿಮ್ಮಿ ಸುತ್ತ ಬೀಳುತ್ತದೆ ಎಂಬುದು ವಿಜ್ಞಾನಿಗಳ ಸ್ಥೂಲ ಲೆಕ್ಕ. ಹತ್ತು ಮೀಟರ್ ಕುಳಿಯೆಂದರೆ ಸುಮಾರು ಒಂದು ಮೀಟರ್ ಕೆಳಗಿನ ಕಲ್ಲು ಕಣ್ಣಿಗೆ ಬಿತ್ತೆಂದೇ ಅರ್ಥ.

ಇದು ಬರೀ ಊಹೆಯಲ್ಲ. ಪ್ರಜ್ಞಾನ್ ತನ್ನ ನೌಕೆ ಇಳಿದ ಶಿವಶಕ್ತಿ ತಾಣದಿಂದ ಪಶ್ಚಿಮಕ್ಕೆ ಸುಮಾರು 39 ಮೀಟರ್ ಸಾಗುವಷ್ಟರಲ್ಲಿ ಕಲ್ಲುಚೂರುಗಳ ಸಂಖ್ಯೆಯೂ ಗಾತ್ರವೂ ಹೆಚ್ಚಿದವು. ಆ ದಿಕ್ಕಿನಲ್ಲಿ ಸುಮಾರು ಹತ್ತು ಮೀಟರ್ ಅಗಲದ ಕುಳಿಯಿತ್ತು. ಚೂರುಗಳು ದೂರದ ದೊಡ್ಡ ಕುಳಿಯಿಂದಲೂ ಹಾರಿ ಬಂದಿರಬಹುದಲ್ಲ ಎಂದು ಕೇಳಬಹುದು. ಬಂದಿರಬಹುದು, ಆದರೆ ಹಾಗೆ ಬಂದವು ಇಲ್ಲೊಂದು ಕುಳಿಯಿದೆಯೆಂದು ಅದರತ್ತಲೇ ದಟ್ಟೈಸುತ್ತಿರಲಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ರೋವರ್ 23 ಕಡೆ ಅಳೆದಾಗ ಮಣ್ಣಿನ ರಾಸಾಯನಿಕ ಸ್ವರೂಪ ಬಹುತೇಕ ಒಂದೇ ಆಗಿತ್ತು, ಹಾಗಾದರೆ ಕುಳಿ ಹೊಸದೇನನ್ನು ಹೇಳಿತು? ಆ ಸಮತೆಯ ಹಿಂದೆಯೂ ಕುಳಿಗಳಿವೆ ಎಂಬುದೇ ಉತ್ತರ. ಕೋಟ್ಯಂತರ ವರ್ಷ ಸಣ್ಣಪುಟ್ಟ ಬಡಿತಗಳು ಮೇಲ್ಮಣ್ಣನ್ನು ಬಗೆದು ಬೆರೆಸುತ್ತ ಬಂದಿವೆ. ಹೊಸ ಕುಳಿಯ ಅಂಚಿನ ಕಲ್ಲುಗಳಾದರೋ ಆ ಬೆರಕೆಗೆ ಇನ್ನೂ ಪೂರ್ತಿ ಸಿಕ್ಕಿರುವುದಿಲ್ಲ.

ನಮ್ಮ ನೆಲದಲ್ಲಿ ಇಂಥ ದಾಖಲೆ ಏಕಿಲ್ಲ? ದಾವಣಗೆರೆ, ಹರಿಹರಗಳ ತಳದ ಕಲ್ಲು 250 ಕೋಟಿ ವರ್ಷಗಳಿಗಿಂತ ಹಳೆಯದು, ವಯಸ್ಸಿನಲ್ಲಿ ಬಡತನವಿಲ್ಲ. ಆದರೆ ಅದರ ಮೇಲ್ಮೈಯನ್ನು ಮಳೆ ತೊಳೆದಿದೆ, ತುಂಗಭದ್ರೆ ಕೊರೆದಿದೆ, ಎರೆಮಣ್ಣು ಮುಚ್ಚಿದೆ. ಹತ್ತು ಮೀಟರ್ ಕುಳಿ ತೋಡಲು ಚಂದ್ರನಲ್ಲಿ ಒಂದು ಮೀಟರಿಗಿಂತ ಚಿಕ್ಕ ಕಲ್ಲೂ ಸಾಕು; ಇಲ್ಲಿ ಅಂಥದ್ದನ್ನು ಗಾಳಿಯೇ ಬಹುಮಟ್ಟಿಗೆ ಸುಟ್ಟು ಒಡೆದುಬಿಡುತ್ತದೆ. ಚಂದ್ರನ ಮೇಲಿನ ಕಲ್ಲು ಸವೆಯುವುದೋ ಹತ್ತು ಲಕ್ಷ ವರ್ಷಕ್ಕೆ ಒಂದು ಮಿಲಿಮೀಟರ್‌ನ ಆಸುಪಾಸು.

ಸಣ್ಣ ಕುಳಿಗಳನ್ನು ಎಣಿಸಿ ನೆಲದ ವಯಸ್ಸು ಕಟ್ಟುವುದನ್ನು ಮಾತ್ರ ನಾನೂ ಒಪ್ಪಲಾರೆ. ದೊಡ್ಡ ಸಿಡಿತದ ಚೂರುಗಳು ಮತ್ತೆ ಬಿದ್ದು ಗುಂಪುಗುಂಪಾಗಿ ಕುಳಿ ಮಾಡುತ್ತವೆ, ಲೆಕ್ಕ ಕೆಡುತ್ತದೆ. ಅದು ಎಣಿಕೆಯ ದೋಷ. ಕೆಳಗಿನ ಕಲ್ಲನ್ನು ಮೇಲೆತ್ತಿಕೊಡುವ ಕೆಲಸಕ್ಕೆ ಅದರಿಂದ ಊನವಿಲ್ಲ. ಹಾಗಾಗಿ ಚಂದ್ರನ ಮಾದರಿಗಳನ್ನು ಭೂಮಿಗೆ ತರಬೇಕಿರುವ ಚಂದ್ರಯಾನ-4ಕ್ಕೆ ಇಳಿದಾಣ ಆರಿಸುವಾಗ ಸಮತಟ್ಟು ನೆಲದ ಜೊತೆಗೆ ಹತ್ತಿರದಲ್ಲೊಂದು ತಾಜಾ ಪುಟ್ಟ ಕುಳಿಯನ್ನೂ ಹುಡುಕಬೇಕು. ನೌಕೆ ಅಂಚಿಗೆ ಹೋಗಿ ಅಪಾಯ ತಂದುಕೊಳ್ಳಬೇಕಿಲ್ಲ. ಚಿಮ್ಮಿದ ಕಲ್ಲು ಕುಳಿಯ ಅಂಚಿನಾಚೆಗೂ ಬಿದ್ದಿರುತ್ತದೆ.