ಪಾಠಾಂತರಗಳ ಕಾವಲು

ಹಳೆಯ ಕಾವ್ಯವೊಂದರ ಹತ್ತಾರು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತ ಗ್ರಂಥಸಂಪಾದಕನ ಪಾಡು ನಮಗೆ ಅಪರಿಚಿತವಲ್ಲ. ಯಾವ ಲಿಪಿಕಾರ ಯಾವ ಪದವನ್ನು ಎಂದು ತಿದ್ದಿದ, ಏಕೆ ತಿದ್ದಿದ ಎಂಬುದಕ್ಕೆ ದಾಖಲೆಯಿಲ್ಲ. ಗಣಕಯಂತ್ರದ ತಂತ್ರಾಂಶವನ್ನು ಬರೆಯುವವರಿಗೂ ಇದೇ ತೊಡಕು. ಅಲ್ಲಿಯೂ ಹಲವು ಕೈಗಳು ಒಂದೇ ಪಠ್ಯವನ್ನು ತಿದ್ದುತ್ತವೆ. ಪ್ರತಿಯೊಂದು ತಿದ್ದುಪಡಿಯನ್ನೂ ಕರ್ತೃ, ಕಾಲ, ಕಾರಣಗಳೊಡನೆ ಕಾದಿರಿಸುವ ಸಾಧನಗಳು ಹುಟ್ಟಿದ್ದು ಇದಕ್ಕಾಗಿ. ಅವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದೇ ಪ್ರಶ್ನೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಹತ್ತು ವರ್ಷಗಳಲ್ಲಿ ಹಲವು ದೇಶಗಳ ಜನರ ಕೂಡುಕೆಲಸವಾಯಿತು. ಬಂದ ತಿದ್ದುಪಡಿಗಳನ್ನೆಲ್ಲ ಒಬ್ಬರೇ ಜೋಡಿಸುವುದು ಕಷ್ಟವಾದಾಗ, 2002ರಲ್ಲಿ ಅವರು ಬಿಟ್‌ಕೀಪರ್ ಎಂಬ ಸಾಧನವನ್ನು ಆರಿಸಿಕೊಂಡರು. ಅದು ಸಮರ್ಥವಾಗಿತ್ತು; ಆದರೆ ಖಾಸಗಿ ಸಂಸ್ಥೆಯೊಂದರ ಸ್ವತ್ತು, ಷರತ್ತುಗಳ ಮೇಲೆ ಬಿಟ್ಟಿಯಾಗಿ ದೊರೆತದ್ದು. ಆಗಲೇ ಕೆಲವರು ಆಕ್ಷೇಪಿಸಿದ್ದರು. 2005ರಲ್ಲಿ ಆ ಸೌಲಭ್ಯ ನಿಂತುಹೋಯಿತು. ಆ ಏಪ್ರಿಲ್ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಟೋರ್ವಾಲ್ಡ್ಸ್ ಗಿಟ್ ಎಂಬ ಸಾಧನದ ಮೊದಲ ರೂಪವನ್ನು ತಾವೇ ಕಟ್ಟಿದರು. ಗಿಟ್‌ನಲ್ಲಿ ಮೂಲಪ್ರತಿಯೊಂದೇ ಎಲ್ಲೋ ಭದ್ರವಾಗಿರುವುದಿಲ್ಲ. ಕೆಲಸ ಮಾಡುವ ಒಬ್ಬೊಬ್ಬರ ಬಳಿಯೂ ಸಾಮಾನ್ಯವಾಗಿ ಪೂರ್ಣ ಚರಿತ್ರೆಯೇ ಇರುತ್ತದೆ.

ಹಾಗಾದರೆ ಎಲ್ಲರಿಗೂ ಗಿಟ್ ಒಂದೇ ಗತಿಯೇ? ಹಾಗೇನಿಲ್ಲ. ನಮ್ಮ ಕಿಸೆಯ ಮೊಬೈಲ್‌ಗಳಲ್ಲಿ ಮಾಹಿತಿಯನ್ನು ಕೂಡಿಡುವ ಎಸ್‌ಕ್ಯೂಲೈಟ್ ಬೆರಳೆಣಿಕೆಯ ಜನರ ಕೃತಿ. ಅದರ ಕರ್ತೃ ರಿಚರ್ಡ್ ಹಿಪ್ ತಮ್ಮ ಪುಟ್ಟ ತಂಡಕ್ಕೆಂದು ಫಾಸಿಲ್ ಎಂಬ ಬೇರೊಂದು ಸಾಧನವನ್ನು ರಚಿಸಿದರು. ಅದರಲ್ಲಿ ಪಠ್ಯದ ಚರಿತ್ರೆಯೊಂದಿಗೆ ದೋಷಗಳ ದಾಖಲೆ, ಟಿಪ್ಪಣಿಗಳೂ ಒಂದೇ ಕಡತದಲ್ಲಿರುತ್ತವೆ. ಸಾವಿರಾರು ಜನರ ಜಾತ್ರೆಗೆ ಒದಗುವುದು ಬೇರೆ, ನಾಲ್ವರ ಮನೆಗೆ ಒದಗುವುದು ಬೇರೆ.

ಸಾಧನದ ಮಾತು ಹೀಗಾದರೆ, ಅದನ್ನಿರಿಸುವ ತಾಣದ ಮಾತು ಇನ್ನೂ ಸೂಕ್ಷ್ಮವಾದುದು. ಗೂಗಲ್ ಸಂಸ್ಥೆ ಇಂಥ ಕೃತಿಗಳಿಗಾಗಿ 2006ರಲ್ಲಿ ತೆರೆದ ತಾಣವನ್ನು 2016ರಲ್ಲಿ ಮುಚ್ಚಿತು. ಈಗ ಹೆಚ್ಚು ಬಳಕೆಯಲ್ಲಿರುವ ಗಿಟ್‌ಹಬ್ 2018ರಲ್ಲಿ ಮೈಕ್ರೋಸಾಫ್ಟ್‌ನ ಒಡೆತನಕ್ಕೆ ಬಂದಿತು. ಗಿಟ್ ಬಳಸಿದವರ ಬಳಿ ಪಠ್ಯದ ಚರಿತ್ರೆ ಉಳಿಯುತ್ತದೆ, ನಿಜ. ಆದರೆ ಈ ಸಾಲು ಹೀಗೇಕಾಯಿತೆಂದು ವರ್ಷಗಟ್ಟಲೆ ನಡೆಸಿದ ಚರ್ಚೆ ತಾಣದ ಉಗ್ರಾಣದಲ್ಲಿರುತ್ತದೆ. ಅದನ್ನು ಹೊರತೆಗೆದುಕೊಳ್ಳದಿದ್ದರೆ ನಾವೂ ಓಲೆಪ್ರತಿಯ ಸಂಪಾದಕನಂತೆ ಊಹೆಗೆ ಇಳಿಯಬೇಕಾಗುತ್ತದೆ.

ಊರಿನ ಗ್ರಂಥಾಲಯಕ್ಕೆ ಸೂಚಿಯೊಂದನ್ನು ರಚಿಸಹೊರಟ ಇಬ್ಬರು ತರುಣರು ಕೇಳಿಕೊಳ್ಳಬೇಕಾದುದು ಇಷ್ಟೆ: ಕೆಲಸ ಮಾಡುವವರು ಎಷ್ಟು ಜನ? ನಾಳೆ ಇಲ್ಲಿಂದ ಹೊರಡಬೇಕಾಗಿ ಬಂದರೆ ಗಂಟುಮೂಟೆಯೊಡನೆ ಹೊರಡಬಹುದೆ? ಟೋರ್ವಾಲ್ಡ್ಸ್‌ಗೆ ಕೆಲವೇ ದಿನಗಳಲ್ಲಿ ಹೊಸ ಮನೆ ಕಟ್ಟುವ ಶಕ್ತಿಯಿತ್ತು. ಉಳಿದವರು ಒಳಹೋಗುವ ಮುನ್ನವೇ ಹಿತ್ತಿಲ ಬಾಗಿಲನ್ನೂ ನೋಡಿಕೊಳ್ಳುವುದು ಲೇಸು.